ಚೆಕ್ ತಿಂದ ಜಡ್ಜ್ ಸಾಹೇಬರಿಗೆ

ಮಾನ್ಯ ಜಡ್ಜ್ ಸಾಹೇಬರ ಘನ ಸನ್ನಿಧಾನಕ್ಕೆ,

ಸೌತ್ ಡಕೋಟದ ಲಿಲ್ಲಿ ಕ್ರೀಕ್ ಊರಿನ ಧಾನ್ಯದ ಗೋದಾಮಿನಲ್ಲಿ ಆಯುಷ್ಯದ ಬಹುಪಾಲು ಲಾರಿ ತೂಗಿ ಈಗ ಮನೆಯಲ್ಲಿ ಕುಳಿತಿರುವ, ತಮಗೆ ಹೊತ್ತು ಹೊತ್ತಿಗೆ ಊಟ ಬಡಿಸುವ, ತಾವು ಹೊರಗೆ ಹೋಗಬೇಕೆಂದಾಗ ಬಾಗಿಲು ತೆರೆದು, ಒಳಗೆ ಬರಬೇಕೆಂದಾಗ ಮತ್ತೆ ತೆರೆದು, ಹೋಗಿ ಬಂದದ್ದು ಬರೀ ಶೋಕಿಗೆ ಎಂದು ಗೊತ್ತಾದ ಮೇಲೂ ಗೊಣಗದೆ ಮೂರನೆಯ ಸಲ ತೆರೆಯುವ ಆರ್ವಿಡ್ ಟೊಲೆಫ್ಸನ್ ಎಂಬ ಬಡಪಾಯಿ ಮಾಡಿಕೊಳ್ಳುವ ಸವಿನಯ ದೂರು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸೋಫಾದ ಮೇಲೆ ನನ್ನ ಜಾಗದಲ್ಲಿ ಕಾಲು ಚಾಚಿ ಹೊಡೆಯುತ್ತಿರುವ ಗೊರಕೆ ಅಡುಗೆಮನೆಯವರೆಗೂ ಕೇಳಿಸುತ್ತಿದೆ. ನಾನೂ ಕ್ಷೇಮ, ಬಲಭುಜ ಒಂದನ್ನು ಬಿಟ್ಟು.

ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮನೆಯೊಳಗೆ ಹೇಳಿದ ನನ್ನ ಯಾವ ಮಾತೂ ಈವರೆಗೆ ತಮ್ಮ ಕಿವಿಗೆ ಬಿದ್ದ ದಾಖಲೆಯಿಲ್ಲ, ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಸದ್ದು ಮಾತ್ರ ಮೂರು ಕೋಣೆಯಾಚೆಯಿಂದಲೂ ಬೀಳುತ್ತದೆ. ಹಾಗಾಗಿ ಊರವರ ಮುಂದೆಯೇ ಹೇಳಿಕೊಳ್ಳೋಣವೆಂದು ಹೊರಟಿದ್ದೇನೆ. ಹೊರಗಿನ ಓದುಗರಿಗೆ ಗೊಂದಲವಾಗಬಾರದೆಂದು ಮೊದಲೇ ತಿಳಿಸುತ್ತೇನೆ: ತಾವು ನ್ಯಾಯಾಧೀಶರಲ್ಲ, ಕಪ್ಪು ಲ್ಯಾಬ್ರಡಾರ್ ಜಾತಿಯ ನಾಯಿ. ಮರಿಯಾಗಿ ಮನೆಗೆ ಬಂದ ದಿನವೇ ಅಡುಗೆಮನೆಯ ನಟ್ಟನಡುವೆ ಕುಳಿತು, ನನ್ನನ್ನೂ ನನ್ನ ಹೆಂಡತಿ ಲವೋನ್‌ಳನ್ನೂ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, ಇವರಿಗೆ ಜಾಮೀನು ಕೊಡಬಹುದೋ ಬಾರದೋ ಎಂಬಂತೆ ನಿಟ್ಟುಸಿರು ಬಿಟ್ಟಿರಿ. ಅಂದಿನಿಂದ ಆ ಹೆಸರು. ತಾವು ನಾಯಿಯೆಂಬುದು ಊರಿಗೆಲ್ಲ ಗೊತ್ತು; ತಮಗೆ ಗೊತ್ತಿದೆಯೋ ಇಲ್ಲವೋ ನನಗೆ ಖಾತ್ರಿಯಿಲ್ಲ.

ಇನ್ನು ದೂರಿಗೆ ಬರುತ್ತೇನೆ. ಕಳೆದ ವಸಂತದಲ್ಲಿ ನನ್ನ ಬಲಭುಜವನ್ನು ಕೊಯ್ದು ಹೊಲಿದ ಡಾಕ್ಟರು, "ಟೊಲೆಫ್ಸನ್ ಅವರೇ, ಇನ್ನು ಕೋವಿ ಎತ್ತಬೇಡಿ. ಅದರ ಒದೆತ ತಡ್ಕೊಳ್ಳೋ ಭುಜ ಅಲ್ಲ ಇದು" ಎಂದು ಹೇಳಿದ್ದು ತಮಗೂ ಗೊತ್ತು, ಏಕೆಂದರೆ ನಾನು ಮನೆಗೆ ಬಂದು ಅದನ್ನು ಹೇಳುವಾಗ ತಾವು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ್ದಿರಿ. ನನ್ನ ಕೋವಿ ಅಪ್ಪನದು. ಜೋಡು ನಳಿಕೆಯದು, ಹಿಡಿಯ ಆಕ್ರೋಟು ಮರ ಎರಡು ತಲೆಮಾರಿನ ಕೆನ್ನೆ ತಾಗಿ ನುಣುಪಾಗಿದೆ. ಶರತ್ಕಾಲ ಬಂದರೆ ಈ ಸೀಮೆಯ ಗಂಡಸರು ಹೆಂಗಸರೆಲ್ಲ ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಯ ಬೇಟೆಗೆ ಹೊರಡುವಾಗ ನಾವಿಬ್ಬರೂ ಹೊರಡುತ್ತಿದ್ದೆವು. ನಾನು ಹೊಡೆಯುವುದು, ತಾವು ಹೆಕ್ಕಿ ತರುವುದು. ಅಪ್ಪ ಸಾಯುವ ಮುಂಚೆ ಕೋವಿ ನನ್ನ ಕೈಗೆ ಕೊಟ್ಟು, "ಗೋಡೆಗೆ ನೇತುಹಾಕೋಕಲ್ಲ ಕಣೋ ಇದು" ಎಂದಿದ್ದರು. ನಾನು ಎತ್ತಲಾರೆ ಎಂದ ಮೇಲೆ ಎತ್ತುವವರ ಕೈಗೆ ಅದು ಹೋಗಬೇಕು. ಆದ್ದರಿಂದ ಮಾರಲು ಹೊರಟೆ, ಸಾಹೇಬರೇ. ತಮ್ಮ ಹೊಟ್ಟೆಯ ಮೇಲೆ ಹೊಡೆಯಲು ಅಲ್ಲ.

ಕೋವಿ ಮಾರುವುದೆಂದರೆ ಹಳೆಯ ಟ್ರ್ಯಾಕ್ಟರ್ ಮಾರಿದ ಹಾಗಲ್ಲ. ಟ್ರ್ಯಾಕ್ಟರು ಅಯೋಗ್ಯನ ಕೈಗೆ ಹೋದರೆ ಅವನ ಹೊಲ ಹಾಳಾಗುತ್ತದೆ, ಅಷ್ಟೇ. ಅಪ್ಪನ ಕೋವಿ ಅಯೋಗ್ಯನ ಕೈಗೆ ಹೋದರೆ ಎಲ್ಲೋ ಯಾರದೋ ಮನೆ ಹಾಳಾಗುತ್ತದೆ, ಆಮೇಲೆ ಶೆರಿಫನ ಜೀಪು ನಮ್ಮ ಅಂಗಳಕ್ಕೆ ಬಂದು ನಿಂತು, ಇದು ನಿಮ್ಮದೇನ್ರೀ ಎಂದು ಕೇಳುತ್ತದೆ. ಆ ಭಯವೊಂದು ನನ್ನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಹಣ ಸ್ವಲ್ಪ ಕಡಿಮೆ ಬರಲಿ, ಕೋವಿ ಮಾತ್ರ ಸರಿಯಾದ ಮನುಷ್ಯನಿಗೆ ಸರಿಯಾದ ದಾರಿಯಲ್ಲೇ ತಲುಪಲಿ ಎಂಬುದೊಂದೇ ನನ್ನ ಹಟವಾಗಿತ್ತು. ಇಷ್ಟು ಚಿಕ್ಕ ಆಸೆಯ ನಡುವೆ ತಾವು ಹೇಗೆಲ್ಲ ಕಾಲು ಹಾಕಿದಿರಿ ಎಂಬುದನ್ನು ಒಂದೊಂದಾಗಿ ನೆನಪಿಸುವ ಧೈರ್ಯ ಮಾಡುತ್ತೇನೆ.

ಮೊದಲನೆಯದಾಗಿ ಚಿತ್ರಗಳು. ಇಂಟರ್‌ನೆಟ್ಟಿನ ಜಾಹೀರಾತಿಗಾಗಿ ಹಿತ್ತಿಲ ಮೇಜಿನ ಮೇಲೆ ಕಂಬಳಿ ಹಾಸಿ, ಕೋವಿಯನ್ನು ಮಲಗಿಸಿ, ಲವೋನ್ ಚಿತ್ರ ತೆಗೆಯುವಾಗ ಪ್ರತಿಯೊಂದರಲ್ಲೂ ತಮ್ಮ ಮುಖಾರವಿಂದ ಹಾಜರಾಯಿತು. ನಳಿಕೆಯ ಚಿತ್ರದಲ್ಲಿ ಮೂಗು, ಹಿಡಿಯ ಚಿತ್ರದಲ್ಲಿ ಗದ್ದ, ತಯಾರಕರ ಮುದ್ರೆಯನ್ನು ಹತ್ತಿರದಿಂದ ತೆಗೆದಾಗ ಅದರ ಮೇಲೆ ನಾಲಿಗೆ. "ಅವನಿರ್ಲಿ ಬಿಡು, ಚೆನ್ನಾಗಿ ಕಾಣ್ತಾನೆ" ಎಂದಳು ಲವೋನ್. ತಮ್ಮನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದವಳೇ ಅವಳು. ಪರಿಣಾಮವಾಗಿ ಜಾಹೀರಾತು ಬಿದ್ದ ದಿನವೇ ಬಂದ ವಿಚಾರಣೆಗಳೆಲ್ಲ ನಾಯಿಯೂ ಸೇರಿ ಬೆಲೆಯೇ, ನಾಯಿಗೆ ಎಷ್ಟು ವರ್ಷ, ನಾಯಿಯ ತಂದೆತಾಯಿ ಯಾರು ಎಂಬ ಬಗೆಯವು. ಕೋವಿಯ ನಳಿಕೆ ಎಷ್ಟುದ್ದವೆಂದು ಕೇಳಿದ ಒಬ್ಬನೇ ಒಬ್ಬನೂ ಮರುಗಳಿಗೆಗೆ ತಮ್ಮ ಬಾಲದ ಕಡೆಗೆ ತಿರುಗಿದ. ಇದು ನಮ್ಮ ಕಡೆಯ ರೂಢಿಯೇ ಸರಿ. ಹಕ್ಕಿ ಬೇಟೆಯವರು ಸಾವಿನ ಮನೆಯಲ್ಲಿ ಸಿಕ್ಕರೂ ಮೊದಲು ನಾಯಿಯ ಯೋಗಕ್ಷೇಮ ವಿಚಾರಿಸಿ ಆಮೇಲೆ ಹೆಣದ ಕಡೆ ನೋಡುತ್ತಾರೆ.

ಈ ಗದ್ದಲದ ನಡುವೆ ಬಂದರು ಮಹಾನುಭಾವರಾದ ಕರ್ನಲ್ ಬ್ರೆಂಟ್ ಹ್ಯಾಲೊವೇ. ಎಂಥ ಇಮೇಲು, ಎಂಥ ವಿನಯ! ನಿವೃತ್ತ ಸೈನಿಕ, ದೈವಭಕ್ತ, ಫೆಸೆಂಟ್ ಬೇಟೆ ಎಂದರೆ ಪ್ರಾಣ, ಈಗ ಒಹಾಯೊ ರಾಜ್ಯಕ್ಕೆ ಮನೆ ಬದಲಾಯಿಸುತ್ತಿದ್ದಾರಂತೆ. ಒಂಬೈನೂರು ಡಾಲರ್ ಎಂದದ್ದಕ್ಕೆ ಚೌಕಾಸಿಯೇ ಇಲ್ಲ. ಎರಡೂವರೆ ಸಾವಿರದ ಬ್ಯಾಂಕ್ ಚೆಕ್ ಕಳಿಸುತ್ತೇನೆ, ಹೆಚ್ಚಿನ ಹಣವನ್ನು ಸಾಮಾನು ಸಾಗಿಸುವ ನನ್ನ ಏಜೆಂಟನಿಗೆ ಕಳಿಸಿಬಿಡಿ, ಅವನೇ ಬಂದು ಕುರ್ಚಿ ಮೇಜುಗಳ ಜೊತೆ ಕೋವಿಯನ್ನೂ ಒಯ್ಯುತ್ತಾನೆ ಎಂದು ಬರೆದರು. ಬೇರೆ ರಾಜ್ಯದವರಿಗೆ ಕೋವಿ ಹೋಗುವುದಾದರೆ ಅವರ ಊರಿನ ಪರವಾನಗಿ ಇರುವ ಅಂಗಡಿಗೆ ಹೋಗಬೇಕು, ಅಂಗಡಿಯವರು ಅವರ ಪೂರ್ವಾಪರ ವಿಚಾರಿಸಿ ಕೈಗೆ ಕೊಡಬೇಕು ಎಂಬ ಕಾಯಿದೆ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಹಾಗೆಂದು ಕರ್ನಲ್ ಸಾಹೇಬರಿಗೆ ಹೇಳುವುದು ಹೇಗೆ? ನಾವು ಲಿಲ್ಲಿ ಕ್ರೀಕಿನವರು. ಯಾರಾದರೂ ಕಾಫಿ ಕುಡಿಯುತ್ತೀರಾ ಎಂದರೆ ಮೂರನೆಯ ಸಲ ಕೇಳುವವರೆಗೂ ಬೇಡ ಬೇಡ ಎನ್ನುತ್ತೇವೆ, ನಮ್ಮ ಕಾಲನ್ನು ಯಾರಾದರೂ ತುಳಿದರೆ ನಾವೇ ಕ್ಷಮೆ ಕೇಳುತ್ತೇವೆ. ನಿಮ್ಮ ಅಂಗಡಿಯ ಪರವಾನಗಿ ತೋರಿಸಿ ಎಂದರೆ ನೀವು ಕಳ್ಳರೋ ಏನೋ ಎಂದ ಹಾಗಾಗುವುದಿಲ್ಲವೇ? ಆ ಮಾತು ಬರೆಯಲು ಕೂತು, ಬರೆದು ಅಳಿಸಿ, ಕೊನೆಗೆ "ತಮಗೆ ತೊಂದರೆಯಾಗದಿದ್ದರೆ, ಯಾವಾಗಲಾದರೂ ಬಿಡುವಾದಾಗ, ಹತ್ತಿರದಲ್ಲೇ ಯಾವುದಾದರೂ ಅಂಗಡಿ ಇದ್ದಲ್ಲಿ" ಎಂದು ಬರೆದೆ. ಅದಕ್ಕೆ ಕರ್ನಲರು ತೊಂದರೆಯಾಗುತ್ತದೆ ಎಂದು ಉತ್ತರಿಸಿದರು. ನಾನು ಕ್ಷಮೆ ಕೇಳಿದೆ.

ಚೆಕ್ ಬಂತು. ದಪ್ಪ ಕಾಗದ, ಹಸಿರು ಅಂಚು, ಬ್ಯಾಂಕಿನ ಹೆಸರು ಬಂಗಾರದ ಅಕ್ಷರದಲ್ಲಿ. ಮಧ್ಯಾಹ್ನದ ಊಟದ ಮೇಜಿನಲ್ಲಿ ಅದನ್ನು ಇಟ್ಟುಕೊಂಡು ಮೆಚ್ಚುತ್ತಾ, ಚಿಸ್ಲಿಕ್ ತಟ್ಟೆಯನ್ನು ಅದರ ಅರ್ಧ ಭಾಗದ ಮೇಲೆ ಇಟ್ಟಿದ್ದೆ. ಕುರಿಮಾಂಸದ ತುಂಡುಗಳನ್ನು ಹದವಾಗಿ ಕರಿದು ಬೆಳ್ಳುಳ್ಳಿ ಉಪ್ಪು ಉದುರಿಸಿದ ಆ ಪದಾರ್ಥದ ಮೇಲೆ ತಮಗಿರುವ ಗೌರವ ಗೊತ್ತಿದ್ದೂ, ಫೋನ್ ಬಂತೆಂದು ಎದ್ದು ಹೋದೆ. ಮರಳಿ ಬಂದಾಗ ತಟ್ಟೆ ಖಾಲಿ. ಮಾಂಸ ಇಲ್ಲ, ಮಾಂಸದ ಎಣ್ಣೆ ಹೀರಿದ್ದ ಚೆಕ್ಕೂ ಇಲ್ಲ. ಬ್ಯಾಂಕಿನ ಹೆಸರು, ಫೋನ್ ನಂಬರು, ಚೆಕ್ಕಿನ ಸಂಖ್ಯೆ ಇದ್ದ ಒಂದು ಮೂಲೆ ಮಾತ್ರ ತಮ್ಮ ಮೂಗಿಗೆ ಅಂಟಿಕೊಂಡಿತ್ತು. ಚುಚ್ಚಿ ತಿನ್ನುವ ಕಡ್ಡಿಗಳನ್ನು ಅಚ್ಚುಕಟ್ಟಾಗಿ ಪಕ್ಕಕ್ಕಿಟ್ಟಿದ್ದಿರಿ. ಎರಡೂವರೆ ಸಾವಿರ ಡಾಲರನ್ನು ಒಂದೇ ಊಟಕ್ಕೆ ತಿಂದ ಪ್ರಾಣಿ ಈ ಜಿಲ್ಲೆಯ ಚರಿತ್ರೆಯಲ್ಲಿ ಇನ್ನೊಂದಿಲ್ಲ, ಸಾಹೇಬರೇ. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ತಾವು ತೇಗಿದಿರಿ.

ಮರ್ಯಾದೆ ಮಣ್ಣುಪಾಲಾಯಿತೆಂದು ಅಂದೇ ಕರ್ನಲರಿಗೆ ಬರೆದೆ: ಮಹಾಸ್ವಾಮಿ, ನಮ್ಮ ನಾಯಿ ತಮ್ಮ ಚೆಕ್ಕನ್ನು ತಿಂದುಬಿಟ್ಟಿತು, ಅದನ್ನು ರದ್ದುಪಡಿಸುವ ಖರ್ಚು ನನ್ನದೇ, ದಯವಿಟ್ಟು ಮನ್ನಿಸಿ. ಗಳಿಗೆಯೊಳಗೆ ಉತ್ತರ ಬಂತು. ಅಡ್ಡಿಯಿಲ್ಲ, ದೇವರು ಒಳ್ಳೆಯದು ಮಾಡಲಿ, ಇನ್ನೊಂದು ಚೆಕ್ ಬರುತ್ತದೆ, ಅಷ್ಟರೊಳಗೆ ಕೋವಿ ಕಳಿಸಿಬಿಡಿ, ಏಜೆಂಟನ ಹಣವನ್ನೂ ಸದ್ಯಕ್ಕೆ ನಿಮ್ಮ ಕೈಯಿಂದಲೇ ಕೊಟ್ಟಿರಿ ಎಂದು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಲವೋನ್‌ಗೆ ಓದಿ ಹೇಳಿದೆ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ಓದು."

ಓದಿದೆ.

"ಆರ್ವಿಡ್, ನಾಯಿ ಚೆಕ್ ತಿಂತು ಅಂತ ಬರೆದ್ಯಲ್ಲ. ನಾಯಿಗೆ ಏನಾದ್ರೂ ಆಯ್ತಾ ಅಂತ ಈ ಮನುಷ್ಯ ಕೇಳಿದ್ನಾ?"

ಕೇಳಿರಲಿಲ್ಲ. ಹಿಂದಿನ ಇಮೇಲುಗಳನ್ನೆಲ್ಲ ತಿರುವಿ ಹಾಕಿದೆವು. ಅಷ್ಟೊಂದು ಚಿತ್ರಗಳಲ್ಲಿ ತಾವು ಮೂಗು, ಗದ್ದ, ನಾಲಿಗೆ ಸಮೇತ ಕೂತಿದ್ದರೂ ಫೆಸೆಂಟ್ ಬೇಟೆಯೇ ಪ್ರಾಣ ಎನ್ನುವ ಈ ಮಹಾನುಭಾವ ಒಂದೇ ಒಂದು ಸಲವೂ ತಮ್ಮ ಹೆಸರು ಕೇಳಿರಲಿಲ್ಲ. "ಹಕ್ಕಿ ಬೇಟೆಯವನಂತೆ! ಇವನು ಹಕ್ಕೀನೂ ನೋಡಿಲ್ಲ, ಬೇಟೇನೂ ನೋಡಿಲ್ಲ" ಎಂದು ಲವೋನ್ ಬಟ್ಟೆಯನ್ನು ಮೇಜಿಗೆ ಬಡಿದಳು. "ನೀನು ಯಾರ್ ಮುಂದೆ ಬೇಕಾದ್ರೂ ಹಲ್ಲು ಗಿಂಜ್ತೀಯ. ಹೋಗು, ಡೆಲ್ಮರ್‌ನ ಕೇಳ್ಕೊಂಡು ಬಾ." ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಮಾತಿಗೆ ಎದುರು ಹೇಳಿ ನಾನು ಗೆದ್ದದ್ದಿಲ್ಲವಾದ್ದರಿಂದ ಹೊರಟೆ. ತಾವೂ ಹೊರಟಿರಿ, ಕರೆಯದಿದ್ದರೂ.

ಡೆಲ್ಮರ್ ಹೂಥರ್ ನನ್ನ ಶಾಲೆಯ ದಿನಗಳ ಗೆಳೆಯ. ಊರಿನಲ್ಲಿ ಕೋವಿ ಮಾರುವ ಪರವಾನಗಿ ಇರುವುದು ಅವನೊಬ್ಬನಿಗೇ. ಅದೇ ಅಂಗಡಿಯಲ್ಲಿ ಮೀನಿನ ಗಾಳಕ್ಕೆ ಎರೆಹುಳು, ಬೆಳಗಿನ ಹೊತ್ತು ಡೋನಟ್, ಇಡೀ ದಿನ ಪುಕ್ಕಟೆ ಬೈಗುಳ ದೊರೆಯುತ್ತದೆ. ಚೆಕ್ಕಿನ ಉಳಿದ ಮೂಲೆಯನ್ನು ಅವನ ಮುಂದಿಟ್ಟು ಕಥೆ ಹೇಳಿದೆ.

"ಅಲ್ಲಯ್ಯಾ," ಎಂದ ಡೆಲ್ಮರ್, "ಒಂಬೈನೂರರ ಕೋವಿಗೆ ಎರಡೂವರೆ ಸಾವಿರ ಕಳ್ಸೋನು ಒಂದೋ ಹುಚ್ಚ, ಇಲ್ಲಾ ಕಳ್ಳ. ಹುಚ್ಚನಿಗೂ ಕೋವಿ ಮಾರಬಾರದು, ಕಳ್ಳನಿಗೂ ಮಾರಬಾರದು. ಇದ್ರಲ್ಲಿ ಯೋಚನೆ ಮಾಡೋಕೆ ಏನಿದೆ?"

ಬ್ಯಾಂಕಿಗೆ ಫೋನ್ ಮಾಡೋಣವೆಂದು ನಾನು ಆ ಮೂಲೆಯಲ್ಲಿದ್ದ ಫೋನ್ ನಂಬರನ್ನು ಒತ್ತತೊಡಗಿದೆ. ಡೆಲ್ಮರ್ ಫೋನನ್ನೇ ಕಿತ್ತುಕೊಂಡ. "ಅಯ್ಯೋ ನಿನ್ನ! ಅದ್ರಲ್ಲಿರೋ ನಂಬರಿಗೆ ಮಾಡಿದ್ರೆ ಅವನ ತಮ್ಮನೇ ಎತ್ತಿ, ಹೌದು ಸ್ವಾಮಿ ಚೆಕ್ ನಮ್ದೇ ಅಂತಾನೆ. ಬ್ಯಾಂಕಿನ ನಂಬರ್ ನೀನೇ ಬೇರೆ ಕಡೆ ಹುಡುಕಿ ಮಾಡು." ಹುಡುಕಿ ಮಾಡಿದೆವು. ಅಂಥ ಚೆಕ್ಕನ್ನು ನಾವು ಕೊಟ್ಟೇ ಇಲ್ಲ, ಖಾತೆಗೆ ಹಾಕಿದ್ದರೆ ಹಣ ಬಂದ ಹಾಗೆ ಕಾಣಿಸಿ ವಾರಗಳಾದ ಮೇಲೆ ವಾಪಸು ಹೋಗುತ್ತಿತ್ತು, ಅಷ್ಟರಲ್ಲಿ ನೀವು ಕೊಟ್ಟಿರುತ್ತಿದ್ದ ಹಣಕ್ಕೆ ನೀವೇ ಹೊಣೆ ಎಂದು ಬ್ಯಾಂಕಿನ ಹೆಂಗಸು ಹೇಳಿದಳು. ಅಂದರೆ ಕೋವಿಯೂ ಇಲ್ಲ, ಹಣವೂ ಇಲ್ಲ, ಮೇಲಿಂದ ಸಾಲ. ಅಪ್ಪನ ಕೋವಿ ಆ ಠಕ್ಕನ ಕೈಗೆ ಹೋಗಿ, ಅಲ್ಲಿಂದ ಯಾರ ಕೈಗೋ ಹೋಗಿ, ಏನು ಮಾಡುತ್ತಿತ್ತೋ ಎಂದು ನೆನೆದು, ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಲವೋನ್‌ಗೆ ಫೋನ್ ಮಾಡಿ ಕೋವಿ ಮನೆಯಲ್ಲೇ ಇದೆಯೇ ಎಂದು ಕೇಳಿದೆ. ಡೆಲ್ಮರ್ ತಮಗೆ ಒಂದಿಡೀ ಡೋನಟ್ ಕೊಟ್ಟ, ಪುಕ್ಕಟೆಯಾಗಿ. ನನಗೆ ಇವತ್ತಿನವರೆಗೂ ಕೊಟ್ಟಿಲ್ಲ.

ಆ ದಿನದಿಂದ ತಮ್ಮ ಕೀರ್ತಿ ಊರಿಡೀ ಹಬ್ಬಿತು. ನಕಲಿ ಚೆಕ್ಕನ್ನು ಮೂಸಿ ಪತ್ತೆಹಚ್ಚಿದ ನಾಯಿ! ಚರ್ಚಿನಲ್ಲಿ ಪಾದ್ರಿಗಳು ಕೂಡ ಕೈಯೆತ್ತಿ ಹರಸಿದರು. ಅದು ಚೆಕ್ಕಿನ ದೋಷವಲ್ಲ, ಕುರಿಮಾಂಸದ ಎಣ್ಣೆ ಎಂದು ನಾನು ಎಷ್ಟು ಬಡಕೊಂಡರೂ ಕೇಳುವವರಿಲ್ಲ. "ನಿನಗೆ ಹೊಟ್ಟೆಕಿಚ್ಚು" ಎಂದಳು ಲವೋನ್. ಇರಬಹುದು. ಈಗ ತಾವು ಲೋಕದ ಹಿತಕ್ಕಾಗಿ ಈ ವಿದ್ಯೆಯನ್ನು ಮುಂದುವರಿಸಬೇಕಾಗಿ ಕೋರಿಕೆ: ಕರೆಂಟಿನ ಬಿಲ್ಲು, ಆಸ್ಪತ್ರೆಯ ಬಿಲ್ಲು, ತೆರಿಗೆ ಇಲಾಖೆಯ ಲಕೋಟೆ ಇವುಗಳಲ್ಲೂ ಏನೋ ಮೋಸವಿದೆಯೆಂದು ನನಗೆ ಬಹಳ ದಿನಗಳಿಂದ ಗುಮಾನಿ. ತಾವು ಅವನ್ನು ಮೂಸಿಯೂ ನೋಡುವುದಿಲ್ಲವೇಕೆ?

ಅದಾದ ವಾರದಲ್ಲಿ ಅಯೋವಾ ರಾಜ್ಯದಿಂದ ಶ್ರೀಮತಿ ಡಾರ್ಲಾ ವಿಸ್ಸರ್ ಅವರು ಫೋನ್ ಮಾಡಿದರು. ಶಾಲೆಯ ಬಸ್ಸು ಓಡಿಸುವ ಹೆಂಗಸು. ಗಂಟಲು ಹಿಂದಿನ ಸೀಟಿಗೂ ಕೇಳಿಸುವಂಥದು. ಮೊದಲ ಮಾತೇ, "ಕೋವಿ ಆಮೇಲಾಯ್ತು, ಆ ಮುಖ ಯಾರದ್ದು?" ಹೆಸರೇನು, ನೀರಿಗೆ ಇಳೀತಾನಾ, ಹಕ್ಕೀನ ಕಚ್ತಾನಾ ಮೆತ್ತಗೆ ಹಿಡೀತಾನಾ, ಗುಡುಗಿಗೆ ಹೆದರ್ತಾನಾ? ತಾವು ಗುಡುಗಿಗೆ ಹೆದರಿ ಸ್ನಾನದ ತೊಟ್ಟಿಯೊಳಗೆ ಅಡಗುವುದನ್ನು ನಾನು ಹೇಳಲಿಲ್ಲ, ಇದನ್ನು ಗಮನಿಸಬೇಕಾಗಿ ವಿನಂತಿ. ಅವರ ಪೆಪ್ಪರ್ ಎಂಬ ನಾಯಿ ಹೋದ ಚಳಿಗಾಲದಲ್ಲಿ ತೀರಿಕೊಂಡಿತಂತೆ. ಅದನ್ನು ಹೇಳುವಾಗ ಆ ದೊಡ್ಡ ಗಂಟಲು ಸಣ್ಣಗಾಯಿತು. ಫೋನ್ ಇಡುವ ಹೊತ್ತಿಗೆ, "ಅಯ್ಯೋ ದೇವ್ರೇ, ಕೋವಿ ವಿಷಯ ಕೇಳೋದೇ ಮರೆತೆ ನೋಡಿ!" ಎಂದರು.

ಆಮೇಲೆ ಅವರೇ ಹೇಳಿದರು: "ನಾನ್ಯಾರು ಅಂತ ನಿಮಗೇನು ಗೊತ್ತು? ನಮ್ಮೂರಿನ ಅಂಗಡಿಯಿಂದ ಪರವಾನಗಿ ಪ್ರತಿ ಕಳ್ಸೋಕೆ ಹೇಳ್ತೀನಿ, ನಿಮ್ಮ ಕಡೆ ಅಂಗಡಿಯವ್ರು ಅವ್ರ ಜೊತೆ ನೇರವಾಗಿ ಮಾತಾಡಿ ಖಾತ್ರಿ ಮಾಡ್ಕೊಳ್ಳಲಿ. ದುಡ್ಡು ಅಂಚೆ ಕಚೇರಿ ಮನಿಆರ್ಡರ್‌ನಲ್ಲಿ ಕಳ್ಸ್ತೀನಿ. ನೀವು ಅದನ್ನ ಅಂಚೆ ಕಚೇರೀಲೇ ನಗದು ಮಾಡ್ಕೊಂಡ ಮೇಲೇನೇ ಕೋವಿ ಕಳ್ಸಿ. ಮುಂಚೆ ಕಳ್ಸಿದ್ರೆ ನಾನು ಬೈತೀನಿ." ನಾನು ಬೇಡ ಬೇಡ, ಅಷ್ಟೆಲ್ಲ ಯಾಕೆ, ನಿಮ್ಮ ಮೇಲೆ ನಂಬಿಕೆಯಿದೆ ಎಂದೆ. "ನಂಬಿಕೆ ಕಟ್ಕೊಂಡು ಏನ್ಮಾಡ್ತೀರಿ? ನಾನು ದಿನಾ ಅರವತ್ತು ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಹೋಗೋಳು. ಎಲ್ಲಾ ಒಳ್ಳೇ ಮಕ್ಕಳೇ. ಆದ್ರೂ ಇಳಿಸೋವಾಗ ಅವ್ರವ್ರ ಮನೆ ಬಾಗಿಲು ನೋಡೇ ಇಳಿಸ್ತೀನಿ" ಎಂದರು. ಕಳ್ಳನು ತನ್ನನ್ನು ನಂಬು ಎನ್ನುತ್ತಿದ್ದ, ಈ ಹೆಂಗಸು ತನ್ನನ್ನು ಸಂಶಯಿಸು ಎನ್ನುತ್ತಿದ್ದಾಳೆ. ಎದೆಯೊಳಗಿನ ಕಲ್ಲು ಅರ್ಧ ಕರಗಿತು.

ಮನಿಆರ್ಡರ್ ಚೀಟಿ ಬಂದ ದಿನದ ಗಾಳಿ ತಮಗೆ ನೆನಪಿರಬೇಕು. ರಸ್ತೆಬದಿಯ ಅಂಚೆಪೆಟ್ಟಿಗೆಯಿಂದ ಲಕೋಟೆ ತೆಗೆದು ಅಲ್ಲೇ ಒಡೆದೆ. ಎಡಗೈಯಲ್ಲಿ ಲಕೋಟೆ, ನೋಯುವ ಬಲಗೈಯಲ್ಲಿ ಚೀಟಿ. ಒಂದು ಬೀಸು ಬಂತು, ಚೀಟಿ ಹಾರಿ ಸೋಯಾ ಹೊಲದ ಕಡೆಗೆ ನಡೆಯಿತು. ತಾವು ಅದರ ಹಿಂದೆ ಓಡಿದಿರಿ. ಮುಗಿಯಿತು ಕಥೆ, ಇದೂ ಹೊಟ್ಟೆಗೆ ಹೋಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದರೆ ಎದುರಿಗೆ ಕೂತಿದ್ದಿರಿ. ಚಿಕ್ಕಂದಿನಿಂದ ಕಲಿಸಿದ ಹಾಗೆ ನನ್ನ ಎಡಗೈಗೇ ತಂದು, ಬಲಗೈ ಕೋವಿಯದು ಎಡಗೈ ಹಕ್ಕಿಯದು ಎಂಬ ನಮ್ಮ ಕರಾರಿನಂತೆ, ಚೀಟಿಯನ್ನು ಒಂದು ಹಲ್ಲಿನ ಗುರುತೂ ಇಲ್ಲದೆ ಬಿಟ್ಟಿರಿ. ಅಂಚೆ ಕಚೇರಿಯ ಕಿಟಕಿಯಲ್ಲಿ ಅದನ್ನು ಬೆಳಕಿಗೆ ಹಿಡಿದು ನೀರಚ್ಚು ನೋಡಿದ ಹೆಂಗಸು, "ಅಸಲಿಯೇನೋ ಹೌದು, ಇಷ್ಟು ಒದ್ದೆ ಯಾಕಿದೆ?" ಎಂದಳು. ನಾಯಿ ಪರೀಕ್ಷೆ ಮಾಡಿದೆ ಎಂದೆ. ಅವಳು ಸರಿ ಸರಿ ಎಂದು ಹಣ ಕೊಟ್ಟಳು. ಕಚೇರಿಯಿಂದ ಹೊರಬರುವಾಗ ಮೂವರು ತಂತಮ್ಮ ಚೆಕ್ಕುಗಳನ್ನು ತಾವು ಮೂಸಿ ನೋಡಲೆಂದು ತಮ್ಮ ಮೂಗಿಗೆ ಹಿಡಿದರು, ಸಾಹೇಬರೇ.

ಇನ್ನು ಡೆಲ್ಮರ್‌ನ ಅಂಗಡಿಯಲ್ಲಿ ಕೋವಿ ಕಟ್ಟುವ ದಿನ. ಆ ದಿನ ತಾವು ನಡೆಸಿದ ಅಡ್ಡಿ ಆತಂಕಗಳನ್ನು ಮರೆಯುವುದು ಹೇಗೆ? ಡೆಲ್ಮರ್ ಅಯೋವಾದ ಅಂಗಡಿಗೆ ಫೋನ್ ಮಾಡಿ ಪರವಾನಗಿ ತಾಳೆ ನೋಡಿದ್ದ. ಕೋವಿಯನ್ನು ತೆರೆದು ಎರಡು ನಳಿಕೆಯಲ್ಲೂ ತೋಟಾ ಇಲ್ಲವೆಂದು ಅವನು ನೋಡಿದ, ನಾನು ನೋಡಿದೆ, ಲವೋನ್ ನಳಿಕೆಯೊಳಗೆ ಬೆರಳು ಹಾಕಿ ನೋಡಿದಳು. ತೋಟಾಗಳು ಕೋವಿಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹೋಗಬಾರದೆಂದು ಅವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ನಳಿಕೆ ಬಿಚ್ಚಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಅದನ್ನು ಹೊರಗೆ ಒಂದಕ್ಷರ ಬರೆಯದ ಕಂದು ಡಬ್ಬಿಯೊಳಗೆ ಇಳಿಸಬೇಕು. ಒಳಗೆ ಕೋವಿ ಇದೆಯೆಂದು ದಾರಿಯ ಕಳ್ಳರಿಗೆ ಡಂಗುರ ಸಾರಬಾರದು ನೋಡಿ. ಇಳಿಸಲು ಹೋದರೆ ಡಬ್ಬಿಯೊಳಗೆ ತಾವು ಮಲಗಿದ್ದಿರಿ. ಎಳೆದು ಹೊರಹಾಕಿದರೆ ಇನ್ನೊಂದು ಬದಿಯಿಂದ ಮತ್ತೆ ಹೊಕ್ಕಿರಿ. "ಇವನ ತೂಕಕ್ಕೆ ಅಂಚೆ ವೆಚ್ಚ ಯಾರ್ ಕೊಡ್ತಾರೆ?" ಎಂದು ಡೆಲ್ಮರ್ ಕೂಗಾಡಿದ. ನಾನು ನಕ್ಕೆ, ಆದರೆ ತಮ್ಮ ಕಣ್ಣು ನೋಡಿ ನಗು ನಿಂತಿತು. ಆ ಡಬ್ಬಿಯಲ್ಲಿ ಏನು ಹೋಗುತ್ತಿದೆಯೆಂದು ತಮಗೆ ಗೊತ್ತಿತ್ತು. ಅದು ಹೋದರೆ ಶರತ್ಕಾಲವೇ ಹೋದ ಹಾಗೆ ಎಂದು ನನಗಿಂತ ಮೊದಲು ತಮಗೇ ಹೊಳೆದಿತ್ತು. ನನಗೆ ಬಹಳ ಸಂಕಟವಾಯಿತು, ಸಾಹೇಬರೇ, ಈಗ ಹೇಳುತ್ತಿದ್ದೇನೆ.

ಕೊನೆಗೆ ಡೋನಟ್ ತೋರಿಸಿ ತಮ್ಮನ್ನು ಹೊರಕರೆದು, ಸುತ್ತಲೂ ಕಾಗದ ತುಂಬಿ, ಅಂಟುಪಟ್ಟಿ ಸುತ್ತಿ, ವಿಮೆ ಮಾಡಿಸಿ, ಆ ಅಂಗಡಿಯಲ್ಲಿ ದೊಡ್ಡವರೊಬ್ಬರು ಸಹಿ ಹಾಕಿದರೆ ಮಾತ್ರ ಕೊಡಬೇಕೆಂಬ ಕರಾರಿನ ಮೇಲೆ ಡೆಲ್ಮರ್ ಅದನ್ನು ಕಳಿಸಿದ. ಅಲ್ಲಿಗೆ ತಲುಪಿತು. ಡಾರ್ಲಾ ಅವರು ಗುರುತು ತೋರಿಸಿ, ವಿಚಾರಣೆಯಲ್ಲಿ ಪಾಸಾಗಿ, ಕೋವಿ ಪಡೆದು ಫೋನ್ ಮಾಡಿದರು. "ಕೋವಿ ಅಂದ್ರೆ ಕೋವಿ! ಆದ್ರೆ ಕಾಗದದ ಮಧ್ಯೆ ಜೊಲ್ಲು ಹಿಡಿದ ಹಸಿರು ಕ್ಯಾನ್ವಾಸ್ ಉರುಳೆ ಒಂದಿದೆ. ಇದೂ ಸೇರಿ ಒಂಬೈನೂರಾ?"

ಹಕ್ಕಿಯ ಬದಲಿಗೆ ಎಸೆದು ತರಿಸಿ ಅಭ್ಯಾಸ ಮಾಡಿಸುವ ತಮ್ಮ ಆಟಿಕೆ, ಡಬ್ಬಿಯಲ್ಲಿ ಮಲಗಿದಾಗ ತಾವೇ ಒಳಗೆ ಬಿಟ್ಟು ಬಂದದ್ದು! ನಾವಿಲ್ಲಿ ಸೋಫಾದ ಅಡಿ, ಹಾಸಿಗೆಯ ಅಡಿ ಹುಡುಕಿ ಸುಸ್ತಾಗಿದ್ದೆವು. ತಾವೋ ಕೋವಿ ಇರುತ್ತಿದ್ದ ಖಾಲಿ ಬೀರುವಿನ ಮುಂದೆ ಮಲಗಿ ಮೌನ ಮುಷ್ಕರ ಹೂಡಿದ್ದಿರಿ. ಚಿಸ್ಲಿಕ್ ಇಟ್ಟರೂ ಮುಖ ತಿರುಗಿಸಿದಿರಿ. ನಾನು ಇದನ್ನು ಡಾರ್ಲಾ ಅವರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇದನ್ನ ಅಂಚೇಲಿ ಕಳ್ಸಲ್ಲ. ಬೇಟೆ ಶುರುವಾಗೋ ಶನಿವಾರ ನಾನೇ ತರ್ತೀನಿ. ಕೋವೀನೂ ತರ್ತೀನಿ. ನನ್ ಹತ್ರ ನಾಯಿ ಇಲ್ಲ, ನಿಮ್ ಹತ್ರ ಭುಜ ಇಲ್ಲ. ಸಾಹೇಬರು ಬಿಡುವಾಗಿದ್ದಾರಾ ಕೇಳಿ" ಎಂದರು. ತಾವು ಬಿಡುವಾಗಿಯೇ ಇದ್ದಿರಿ.

ಈಗ ಮೂಲ ದೂರು, ಇದಕ್ಕಾಗಿಯೇ ಇಷ್ಟೆಲ್ಲ ಪೀಠಿಕೆ. ನಿನ್ನೆಯ ಶನಿವಾರ ಅವರ ಪಿಕಪ್ ಅಂಗಳದಲ್ಲಿ ಪೂರ್ತಿ ನಿಲ್ಲುವ ಮೊದಲೇ ತಾವು ಒಳಗೆ ಹಾರಿ ಕೂತಿರಿ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ಹೊಟ್ಟೆಗೆ ಹಾಕಿಕೊಂಡೆ. ಕಟಾವಾದ ಜೋಳದ ಹೊಲದಂಚಿನ ಒಣಹುಲ್ಲಿನಲ್ಲಿ ಡಾರ್ಲಾ ಅಪ್ಪನ ಕೋವಿ ಹಿಡಿದು ನಡೆದರು, ನಾನು ಬಲಗೈಯಲ್ಲಿ ಕಾಫಿಯ ಫ್ಲಾಸ್ಕ್ ಹಿಡಿದು ಹಿಂದೆ ನಡೆದೆ, ಮದುವೆ ಮೆರವಣಿಗೆಯಲ್ಲಿ ಛತ್ರಿ ಹಿಡಿದವನ ಹಾಗೆ. ಹುಲ್ಲಿನಿಂದ ಫೆಸೆಂಟ್ ಹುಂಜವೊಂದು ಕೂಗುತ್ತಾ ಮೇಲೆದ್ದಿತು. ಅಪ್ಪನ ಕೋವಿಯ ಸದ್ದು ನನ್ನ ಭುಜಕ್ಕೆ ತಾಗದೆ ಕಿವಿಗೆ ಮಾತ್ರ ಕೇಳಿಸಿದ್ದು ಅದೇ ಮೊದಲು. ಹಕ್ಕಿ ಬಿತ್ತು. ಒಳ್ಳೆಯ ಈಡು. ತಾವು ಹೋಗಿ ಹೆಕ್ಕಿದಿರಿ, ತಿರುಗಿ ಬಂದಿರಿ. ಡಾರ್ಲಾ ಮಂಡಿಯೂರಿ ಕೈಚಾಚಿ, "ಬಾರೋ ರಾಜಾ, ಬಾ" ಎಂದು ಕರೆಯುತ್ತಿದ್ದರು. ಕೋವಿ ಅವರದು, ತೋಟಾ ಅವರದು, ಗುರಿ ಅವರದು. ತಾವು ಅವರ ಪಕ್ಕದಿಂದಲೇ ಹಾದು, ಕೋವಿಯಿಲ್ಲದೆ ನಿಂತಿದ್ದ ನನ್ನ ಬಳಿಗೆ ಬಂದು, ಎದುರು ಕೂತು, ಹಕ್ಕಿಯನ್ನು ನನ್ನ ಎಡಗೈಗೆ ಇಟ್ಟಿರಿ.

ನನಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದು ಡಾರ್ಲಾ ಅವರಿಗೆ ಹೇಳಿದೆ. ಆ ದಿನ ಗಾಳಿಯೇ ಇರಲಿಲ್ಲ. ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, "ಕೋವಿ ಮಾತ್ರ ಕೊಂಡಿದ್ದು ನಾನು, ಗೊತ್ತಾಯ್ತು ಬಿಡಿ" ಎಂದರು. ನಕ್ಕರು, ಅವರ ಕಣ್ಣೂ ಒದ್ದೆಯಾಗಿತ್ತು.

ಆದರೂ ತಪ್ಪು ತಪ್ಪೇ, ಸಾಹೇಬರೇ. ಇಡೀ ಬೇಸಿಗೆ ನಾವು ಬಡಿದಾಡಿದ್ದು ಸರಕು ಸರಿಯಾದ ವಿಳಾಸಕ್ಕೆ, ಸರಿಯಾದ ಮನುಷ್ಯನ ಕೈಗೆ ತಲುಪಲಿ ಎಂದು. ತಾವು ಹಣ ಕೊಟ್ಟವರನ್ನು ಬಿಟ್ಟು, ಸಹಿ ತೆಗೆದುಕೊಳ್ಳದೆ, ಗುರುತು ಕೇಳದೆ, ಏನೂ ಕೊಳ್ಳದವನ ಕೈಗೆ ಹಕ್ಕಿಯನ್ನು ಒಪ್ಪಿಸಿಬಿಟ್ಟಿರಿ. ಇಂಥ ತಪ್ಪು ಬಟವಾಡೆಗೆ ಕ್ಷಮೆಯಿಲ್ಲ. ಮುಂದಿನ ಶನಿವಾರವೂ ಡಾರ್ಲಾ ಬರುತ್ತಾರಂತೆ. ದಯವಿಟ್ಟು ಮುಂದಿನ ಸಲವೂ ತಪ್ಪು ವಿಳಾಸಕ್ಕೇ ತಲುಪಿಸಬೇಕಾಗಿ, ನನ್ನ ಎಡಗೈ ಎತ್ತಲಾಗುವವರೆಗೂ ತಲುಪಿಸುತ್ತಲೇ ಇರಬೇಕಾಗಿ ಕೈಮುಗಿದು ಬೇಡುತ್ತೇನೆ.

ಸೋಫಾದ ಅಂಚಿನಲ್ಲಿ ಒಂದು ಗೇಣು ಜಾಗಕ್ಕಾಗಿ ಕಾದಿರುವ,
ತಮ್ಮ ವಿಶ್ವಾಸಿ,
ಆರ್ವಿಡ್ ಟೊಲೆಫ್ಸನ್

ತಾ.ಕ.: ನಿನ್ನೆ ಸಂಜೆ ಡಾರ್ಲಾ ಅವರು ಹೊರಡುವ ಮೊದಲು ಅವರ ಪಿಕಪ್ಪಿನ ಮುಂದಿನ ಸೀಟಿನಲ್ಲಿ ತಾವು ಹಸಿರು ಉರುಳೆಯನ್ನು ಬಾಯಲ್ಲಿ ಕಚ್ಚಿಕೊಂಡು, ಸೀಟಿನ ಬೆಲ್ಟಿನ ಪಕ್ಕ ಸದ್ದಿಲ್ಲದೆ ಕೂತಿದ್ದದ್ದು ತಮ್ಮನ್ನು ಎಳೆದು ಇಳಿಸಿಕೊಂಡ ನನ್ನ ಗಮನಕ್ಕೆ ಬಂದಿದೆ. ತಮ್ಮನ್ನು ತಾವೇ ಬೇರೆ ರಾಜ್ಯಕ್ಕೆ ರವಾನಿಸಿಕೊಳ್ಳುವ ಇರಾದೆಯಿದ್ದರೆ ಕಾಯಿದೆ ಪ್ರಕಾರ ಡೆಲ್ಮರ್‌ನ ಅಂಗಡಿಯ ಮೂಲಕವೇ ಹೋಗಬೇಕು, ಹಣ ಮೊದಲು ನನ್ನ ಕೈಗೆ ಬರಬೇಕು. ಆದರೆ ಅಸಲಿಯೇ ಇರಲಿ ನಕಲಿಯೇ ಇರಲಿ, ತಮ್ಮ ಬೆಲೆಗೆಂದು ಎಷ್ಟು ದೊಡ್ಡ ಮೊತ್ತದ ಚೆಕ್ ಬಂದರೂ ಈ ಸಲ ಅದನ್ನು ತಿನ್ನುವವನು ನಾನು.